ಅಂಗಳದ ಬಿಳಿ ಹಚ್ಚಡ

ಸೋಮವಾರ, 5 ಅಕ್ಟೋಬರ್ 1874

ಬಟ್ಟೆ ಒಗೆಯುವ ದಿನ. ಆರಕ್ಕೇ ಹಂಡೆಯ ಕೆಳಗೆ ಬೆಂಕಿ ಹಾಕಿದೆ. ನಲ್ಲಿಯ ಸರದಿಯಲ್ಲಿ ನಾಲ್ಕನೆಯವಳು. ಈನಕ್‌ನ ಅಂಗಿಗಳಿಂದ ನೀಲಿ ಇಳಿಯಿತು. ಬಣ್ಣದ ಕಾರ್ಖಾನೆಯಲ್ಲಿ ಈ ವಾರ ನೀಲಿಯಿರಬೇಕು, ಅವನು ಹೇಳಲಿಲ್ಲ. ನನ್ನ ಗಂಡನಿಗೆ ಮೊದಲೂ ಮಾತು ಕಡಿಮೆ. ಈಗ ಇಲ್ಲವೇ ಇಲ್ಲ.

ದೊಡ್ಡ ಮಗಳು ನೆಲ್ ತೀರಿಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಅವಳ ಎರಡು ಫ್ರಾಕು ಕುದಿಸಿದೆ. ಅವಳಿಗೆ ಒಂಬತ್ತು, ತಂಗಿ ರೂತ್‌ಗೆ ಐದು. ಹಿಂದೆ ಹೊಲಿಗೆ ಹಾಕಿ ಚಿಕ್ಕದು ಮಾಡಿದರೆ ರೂತ್‌ಗೆ ಬರುವ ವರ್ಷ ಆಗುತ್ತವೆ. ಹಿಂಡುವಾಗ ಫ್ರಾಕಿನ ತೋಳು ತಿರುಚಿಕೊಂಡು... ಬೇಗ ಮುಗಿಸಿದೆ.

ಬಿಳಿ ಹಚ್ಚಡ ಮಾತ್ರ ಹಂಡೆಗೆ ಹೋಗುವುದಿಲ್ಲ. ಅತ್ತೆಯ ಕಟ್ಟಳೆ. ಕುದಿಸಿದರೆ ನೇಯ್ಗೆಯ ಹೂವು ಮಲಗಿಬಿಡುತ್ತದೆ, ಬಿಳುಪು ಹಳದಿಗೆ ತಿರುಗುತ್ತದೆ. ಎರಡು ದಿನ ಗಾಳಿಗೆ ಹಾಕಿ, ಲ್ಯಾವೆಂಡರ್ ಇಟ್ಟು ಮಡಿಸಿದರೆ ಆಯಿತು. ನಮ್ಮ ಪೆಟ್ಟಿಗೆಯಲ್ಲಿದ್ದರೂ ಅದು ನಮ್ಮದಲ್ಲ. ಈ ಅಂಗಳದ ಸುತ್ತಲಿನ ಹನ್ನೊಂದು ಮನೆಗಳಲ್ಲಿ ಯಾರು ಸತ್ತರೂ ಮಣ್ಣಿಗೆ ಹೋಗುವ ತನಕ ಅದರ ಕೆಳಗೆ ಮಲಗುತ್ತಾರೆ. ಒಳಗೆ ಹರುಕು ಕಂಬಳಿಯೇ ಇರಲಿ, ನೋಡಲು ಬಂದವರಿಗೆ ಕಾಣುವುದು ಆ ಬಿಳುಪು. ಕಳೆದ ತಿಂಗಳ ಮೊದಲಲ್ಲಿ ಮೂರನೇ ಮನೆಯ ಜೆಮ್ ಹಿಂಡ್ಲ್ ಮಲಗಿದ. ಕೆಂಪು ಜ್ವರ. ಆಮೇಲೆ ನೆಲ್. ಅದೇ ಜ್ವರ.

ಗುರುವಾರ, 8ನೇ ತಾರೀಖು

ಏಳನೇ ಮನೆಯ ವಿಲ್ಲಿ ಕೇ ಹೋದ. ಜ್ವರ ಬಿಟ್ಟು ಎರಡು ವಾರವಾಗಿತ್ತು, ಎದ್ದು ಓಡಾಡಿದ್ದ. ಆಮೇಲೆ ಮೈ ಊದಿತು.

ಹತ್ತು ಗಂಟೆಗೆ ಬೆಟ್ಸಜ್ಜಿ ಬಂದಳು. ಈ ಅಂಗಳದಲ್ಲಿ ಹುಟ್ಟುವವರನ್ನು ಹಿಡಿದುಕೊಳ್ಳುವುದೂ ಅವಳೇ, ಸತ್ತವರನ್ನು ತೊಳೆದು ಮಲಗಿಸುವುದೂ ಅವಳೇ.

“ಕೊಡಮ್ಮಾ ತಿರ್ಜಾ, ಅದನ್ನ. ವಿಲ್ಲೀನ ತೊಳೆದಾಯ್ತು. ಹಲ್ಲಿ ಹಂಗಿದ್ದ ಹುಡುಗ, ಊದ್ಕೊಂಡು ಪಾದ್ರಿ ಹಂಗಾಗಿದಾನೆ ಪಾಪ.”

“ಸೂಸನ್ನಾ ಹೇಗಿದ್ದಾಳೆ?”

“ಹೇಗಿರ್ತಾಳೆ. ಸಾವಿನ ಮನೆ, ಗಡಿಯಾರ ನಿಲ್ಸು, ಕನ್ನಡಿ ಗೋಡೆಗೆ ತಿರುಗ್ಸು ಅಂದೆ. ಎರಡೂ ಇಲ್ಲ ಬೆಟ್ಸಜ್ಜಿ, ಏನು ಮಾಡ್ಲಿ ಅಂದ್ಲು.”

ವಿಲ್ಲಿಯ ತಾಯಿ ಸೂಸನ್ನಾಳ ಗಂಡ ಗಣಿಯಲ್ಲಿ ಹೋದವನು. ಈಗ ಉಳಿದವಳು ಮಗಳು ಲೀಯಾ ಒಬ್ಬಳೇ, ಏಳು ವರ್ಷದವಳು.

ಹಚ್ಚಡ ತೆಗೆದುಕೊಟ್ಟೆ. ಬೆಟ್ಸಜ್ಜಿ ಅದನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಳ ದಾಟುವುದನ್ನು ರೂತ್ ಕಿಟಕಿಯಿಂದ ನೋಡಿದಳು. “ಅದು ನೆಲ್‌ದು. ಯಾಕೆ ಕೊಟ್ಟೆ?” ಎಂದಳು. ಎಲ್ಲರದೂ ಎಂದೆ. “ಅಲ್ಲ, ನೆಲ್‌ದು.”

ಭಾನುವಾರ, 11

ವಿಲ್ಲಿಯನ್ನು ಮಣ್ಣು ಮಾಡಿ ಬಂದರು. ಮೂರು ದಿನ ಅಂಗಳದ ಮಕ್ಕಳೆಲ್ಲ ಸರದಿಯಲ್ಲಿ ಹೋಗಿ ಹಣೆ ಮುಟ್ಟಿ ಬಂದರು. ಸತ್ತವರನ್ನು ಒಮ್ಮೆ ಮುಟ್ಟಿದರೆ ಕನಸಿಗೆ ಬರುವುದಿಲ್ಲ ಎನ್ನುತ್ತಾರೆ. ರೂತ್‌ಳನ್ನು ಕಳಿಸಲಿಲ್ಲ. ಒಂದು ಸಾವು ಮುಟ್ಟಿದ್ದಾಳೆ, ಸಾಕು.

ಹಚ್ಚಡ ವಾಪಸು ಬಂತು. ಮೇಲಿನ ಕೋಣೆಯಲ್ಲಿ ಹಗ್ಗದ ಮೇಲೆ ಹಾಕಿದೆ.

ಮಂಗಳವಾರ, 13

ರೂತ್ ಎರಡು ದಿನದಿಂದ ಸರಿಯಾಗಿ ತಿಂದಿಲ್ಲ. ಹಾಸಿಗೆಯಲ್ಲಿ ತನ್ನ ಜಾಗ ಬಿಟ್ಟು ನೆಲ್‌ಳ ಜಾಗದಲ್ಲಿ ಮಲಗುತ್ತಾಳೆ, ಗೋಡೆಯ ಕಡೆ. ಅಳುವುದಿಲ್ಲ. ಅತ್ತರೆ ಎತ್ತಿಕೊಳ್ಳಬಹುದಿತ್ತು. ಸಂಜೆ ಹಗ್ಗದ ಕಡೆ ಕೈ ತೋರಿಸಿ, “ನೆಲ್‌ದು ಕೊಡು” ಎಂದಳು.

ಕೊಟ್ಟೆ.

ಬದುಕಿದ್ದವರು ಅದನ್ನು ಹೊದೆಯಬಾರದು. ಬೆಟ್ಸಜ್ಜಿಗೆ ಗೊತ್ತಾದರೆ ನನ್ನನ್ನು ನಲ್ಲಿಯ ಹತ್ತಿರ ಸೇರಿಸುವುದಿಲ್ಲ. ಆದರೆ ಹೊದ್ದುಕೊಂಡ ಕೂಡಲೇ ರೊಟ್ಟಿ ಕೇಳಿದಳು, ಬೆಲ್ಲದ ಪಾಕ ಹಚ್ಚಿಸಿಕೊಂಡು ಎರಡು ತುಂಡು ತಿಂದಳು. ಬೆರಳಿನಿಂದ ಹೂವು ಎಣಿಸುತ್ತ ನಿದ್ದೆ ಹೋದಳು. ನಾನೂ ಒಂದು ಅಂಚು ಹಿಡಿದುಕೊಂಡು ಮಲಗಿದೆ. ನೆಲ್ ಹೋದಮೇಲೆ ಮೊದಲ ಸಲ ನಿದ್ದೆ ಬಂತು.

ಶನಿವಾರ, 17. ಮಧ್ಯಾಹ್ನ

ಲೀಯಾ ಕೇಗೆ ಜ್ವರ. ಮಂಗಳವಾರದಿಂದಲೇ ಇತ್ತಂತೆ, ಸೂಸನ್ನಾ ಯಾರಿಗೂ ಹೇಳಿರಲಿಲ್ಲ.

ಅದಕ್ಕೇ ಇರಬೇಕು, ಆರೋಗ್ಯದ ಇನ್ಸ್‌ಪೆಕ್ಟರ್ ಬಂದರು. ಮಿಸ್ಟರ್ ಲೋಮ್ಯಾಕ್ಸ್. ಥಾರ್ನ್‌ಹೋಮ್ ಪಟ್ಟಣಕ್ಕೆ ಈ ಬೇಸಿಗೆಯಲ್ಲಿ ಹೊಸದಾಗಿ ನೇಮಕವಾದವರು. ತೆಳ್ಳಗಿನ ಮನುಷ್ಯ, ಕೋಟಿನ ತುಂಬ ಸುಣ್ಣದ ಚುಕ್ಕೆ. ಅಂಗಳದ ನಡುವೆ ನಿಂತು ಹೆಂಗಸರನ್ನೆಲ್ಲ ಹೊರಗೆ ಕರೆದರು.

“ಮೂಗು ಮುಚ್ಕೊಳ್ಳಿ ಸಾರ್,” ಎಂದಳು ಬೆಟ್ಸಜ್ಜಿ. “ಪಾಯಿಖಾನೆ ನಿಮ್ಮ ಬೆನ್ನ ಹಿಂದೇನೇ ಇದೆ.”

“ವಾಸನೆ ನೋಡೋಕೆ ಬಂದಿಲ್ಲ ತಾಯಿ. ಆರು ವಾರದಲ್ಲಿ ಮೂರು ಮಕ್ಕಳು ಹೋಗಿದಾರೆ, ನಾಲ್ಕನೇದು ಮಲಗಿದೆ. ಈ ಜ್ವರ ಬಿಟ್ಟ ಮೇಲೆ ಮಗುವಿನ ಚರ್ಮ ಹೊಟ್ಟಿನ ಹಾಗೆ ಉದುರುತ್ತೆ, ನೋಡಿದೀರಲ್ಲ? ಅದು ಬಟ್ಟೇಲಿ ಕೂತರೆ ವಾರಗಟ್ಟಲೆ ಇರುತ್ತೆ. ಕುದಿಸ್ಬೇಕು, ಇಲ್ಲ ಸುಡ್ಬೇಕು. ಬರೀ ಗಾಳಿಗೆ ಹಾಕಿದ್ರೆ ಸಾಲದು. ಈ ಮನೆಗಳ ನಡುವೆ ಓಡಾಡಿದ ಬಟ್ಟೆ ಯಾವುದಾದ್ರೂ ಇದೆಯಾ? ಶಾಲು, ಕಂಬಳಿ, ಏನಾದ್ರೂ?”



“ನಾವು ಬಡವರು ಸಾರ್,” ಎಂದಳು ಬೆಟ್ಸಜ್ಜಿ. “ಆದ್ರೂ ಅವರವರ ಬಟ್ಟೆ ಅವರವರಿಗಿದೆ.”

ಇನ್ಸ್‌ಪೆಕ್ಟರ್ ನನ್ನ ಮುಂದೆ ನಿಂತರು. “ನಿಮ್ಮ ಮನೇಲೂ ಒಂದು ಹೋಗಿದೆ, ಅಲ್ವಾ ಮಿಸೆಸ್ ಗ್ರೀನ್‌ಹಾಲ್?” ಹೌದು ಸರ್ ಎಂದೆ. “ನಿಮಗೇನಾದ್ರೂ ನೆನಪಾಗುತ್ತಾ?” ಇಲ್ಲ ಸರ್ ಎಂದೆ.

ಅದೇ ದಿನ, ಮೂರು ಗಂಟೆ

ಓಡಿಬಂದು ರೂತ್‌ಳ ಮೇಲಿಂದ ಎಳೆದೆ. ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಬೆರಳು ಬಿಡಿಸಬೇಕಾಯಿತು. ನಾಲ್ಕು ದಿನ ಹೊದ್ದಿದ್ದಾಳೆ. ನಾಲ್ಕು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೂವಿನ ಮಡಿಕೆಗಳಲ್ಲಿ ಬಿಳಿ ಪುಡಿ. ನೂಲಿನ ಧೂಳಿರಬಹುದು. ಇರಬಹುದು.

ಜೆಮ್ ಹಿಂಡ್ಲ್ ಈ ಹಚ್ಚಡದ ಕೆಳಗೆ ಮಲಗಿದ್ದಾಗ ನೆಲ್ ಮುಟ್ಟಲೊಲ್ಲೆ ಎಂದಿದ್ದಳು. ಹಿಂದೆ ಹಿಂದೆ ಸರಿದಿದ್ದಳು. ನಾನೇ ಅವಳ ಮಣಿಕಟ್ಟು ಹಿಡಿದು ಅವನ ಹಣೆಯ ಮೇಲೆ ಇಡಿಸಿದೆ. ಕನಸಿಗೆ ಬರಬಾರದೆಂದು.

ಭಾನುವಾರ, 18

ರೂತ್‌ಳ ನಾಲಿಗೆ ನೋಡಿದೆ. ಚೆನ್ನಾಗಿದೆ. ಹಣೆ ತಣ್ಣಗಿದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿದೆ. “ಯಾಕೆ ಬಾಯಿ ತೆಗಿ ಬಾಯಿ ತೆಗಿ ಅಂತೀಯಾ?” ಎಂದಳು. ಪ್ರಾರ್ಥನೆಗೆ ಹೋಗಲಿಲ್ಲ.

ಸೋಮವಾರ, 19

ಬಟ್ಟೆ ಒಗೆಯಲಿಲ್ಲ. ಎಂಟು ಗಂಟೆಗೆ ಲೀಯಾ ಹೋದಳು.

ಒಂಬತ್ತಕ್ಕೆ ಬೆಟ್ಸಜ್ಜಿ ಬಾಗಿಲಲ್ಲಿ ತೋಳು ಚಾಚಿ ನಿಂತಳು. ಕೊಡುವುದಿಲ್ಲ ಎಂದೆ.

“ಏನಂದೆ?”

“ಈ ಸಲ ಕೊಡೋಕಾಗಲ್ಲ ಬೆಟ್ಸಜ್ಜಿ.”

“ಇಲಿ ಕಡೀತಾ ಅದನ್ನ?”

“ಇಲ್ಲ.”

“ಹಾಗಾದ್ರೆ ನಿನ್ನ ನಾಲಿಗೆ ಕಡೀತಾ? ಬಾಯಿಬಿಟ್ಟು ಹೇಳು. ಅಣ್ಣನಿಗೆ ಕೊಟ್ಟು ತಂಗಿಗೆ ಇಲ್ಲ ಅಂದ್ರೆ ಆ ತಾಯಿಗೆ ನಾನೇನು ಹೇಳ್ಲಿ?”

ಆ ಇನ್ಸ್‌ಪೆಕ್ಟರ್ ಮಾತು ನಿಜವಾದರೆ ಲೀಯಾಗೆ ಜ್ವರ ಕೊಟ್ಟದ್ದು ನನ್ನ ಪೆಟ್ಟಿಗೆ. ಅದನ್ನು ಹೆಣದ ಮನೆಗೆ ಯಾವ ಬಾಯಿಂದ ಹೇಳಿ ಕಳಿಸಲಿ? ಬೆಟ್ಸಜ್ಜಿ ಮೆಟ್ಟಿಲ ಮೇಲೆ ಉಗುಳಿ ಹೋದಳು.

ಲೀಯಾಳನ್ನು ಸೂಸನ್ನಾಳ ಕಂದು ಲಂಗದ ಕೆಳಗೆ ಮಲಗಿಸಿದರು. ಲಂಗ ಗಿಡ್ಡ. ಕಾಲು ಹೊರಗಿತ್ತಂತೆ. ನೋಡಲು ಬಂದವರೆಲ್ಲ ನೋಡಿದರು.

ಮಂಗಳವಾರ, 20

ಸೂಸನ್ನಾಳ ಮನೆಗೆ ಹೋದೆ. ಲೀಯಾಳ ಬಟ್ಟಲು ತೊಳೆಯುತ್ತಿದ್ದಳು. ಅದು ಆಗಲೇ ಶುಭ್ರವಾಗಿತ್ತು, ಮತ್ತೆ ಮತ್ತೆ ತೊಳೆಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ.

ಬಟ್ಟಲನ್ನು ಮತ್ತೊಮ್ಮೆ ನೀರಿಗೆ ಅದ್ದಿದಳು.

“ಲೀಯಾ ಮೂರು ದಿನ ಅದರ ಪಕ್ಕದಲ್ಲೇ ಕೂತಿದ್ಲು,” ಎಂದಳು. “ಅಂಚು ಎಳೆದು ಎಳೆದು ವಿಲ್ಲಿ ಕುತ್ತಿಗೆಗೆ ಸೇರಿಸ್ತಿದ್ಲು. ಅಣ್ಣನಿಗೆ ಚಳಿ ಅಂತ.”

“ನನಗೆ ಗೊತ್ತಿರ್ಲಿಲ್ಲ ಸೂಸನ್ನಾ.”

“ಗೊತ್ತಿಲ್ಲದೆ ಕೊಟ್ಟೆ, ಸರಿ. ಗೊತ್ತಾಗಿ ಎಷ್ಟು ದಿನ ಆಯ್ತು?”

“ಶನಿವಾರದಿಂದ.”

“ಮೂರು ದಿನ ಸುಮ್ನಿದ್ದೆ.”

“ಹೌದು.”

“ಹೋಗು. ಬಾಗಿಲು ಎಳ್ಕೊಂಡು ಹೋಗು, ಚಳಿಗಾಳಿ ಬರುತ್ತೆ ಲೀಯಾಗೆ.”

ಅಲ್ಲಿಂದ ನೇರ ಇನ್ಸ್‌ಪೆಕ್ಟರರ ಆಫೀಸಿಗೆ. ಹಚ್ಚಡದ ವಿಷಯ ಹೇಳಿದೆ. ರೂತ್ ಹೊದ್ದದ್ದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ಎಷ್ಟು ದಿನ?” ಎಂದಷ್ಟೇ ಕೇಳಿದರು.

ಬುಧವಾರ, 21

ಅಂಗಳದ ನಡುವೆ ಸುಟ್ಟರು. ಹಚ್ಚಡ, ನಮ್ಮ ಹುಲ್ಲಿನ ಹಾಸಿಗೆ, ದುಪ್ಪಟಿಗಳು, ಕಂಬಳಿ, ನೆಲ್‌ಳ ಎರಡು ಫ್ರಾಕು. ಫ್ರಾಕು ಕುದಿಸಿದ್ದೇನೆ ಎಂದೆ. ಯಾವುದನ್ನೂ ಉಳಿಸುವುದು ಬೇಡ ಎಂದರು ಮಿಸ್ಟರ್ ಲೋಮ್ಯಾಕ್ಸ್. ಹಚ್ಚಡ ಬೇಗ ಹತ್ತಿಕೊಳ್ಳಲಿಲ್ಲ. ದಪ್ಪ ನೇಯ್ಗೆ. ಹೊಗೆಯೇ ಜಾಸ್ತಿ.

ಹತ್ತು ಮನೆಗಳ ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ಮಾತಾಡಿದವಳು ಬೆಟ್ಸಜ್ಜಿ ಒಬ್ಬಳೇ, ಅದೂ ನನ್ನ ಕಡೆ ನೋಡದೆ.

“ಮೂವತ್ತೊಂದು ಜನರನ್ನ ಅದರ ಕೆಳಗೆ ಮಲಗಿಸಿದೀನಿ. ನನ್ನ ಗಂಡನ್ನೂ ಸೇರಿಸಿ. ಕುಡುಕ ಮುಂಡೇದು, ಅವನೂ ಅದರ ಕೆಳಗೆ ಮರ್ಯಾದಸ್ಥನ ಹಾಗೆ ಕಾಣ್ತಿದ್ದ. ಈಗ ನಾನು ಯಾವುದರ ಕೆಳಗೆ ಮಲಗ್ಲಿ? ಕಲ್ಲಿದ್ದಲ ಚೀಲದ ಕೆಳಗಾ?”



ಗುರುವಾರ, 22. ಬೆಳಗ್ಗೆ

ರೂತ್ ರೊಟ್ಟಿ ಬೇಡವೆಂದಳು. ಗಂಟಲಲ್ಲಿ ಮುಳ್ಳಿದೆಯಂತೆ.

ಶನಿವಾರ, 24. ಬೆಳಗ್ಗೆ ಹತ್ತು

ಎದೆ, ಹೊಟ್ಟೆ, ತೊಡೆಯ ಸಂದು, ಎಲ್ಲ ಕೆಂಪು. ನಾಲಿಗೆಯೂ. ಡಾಕ್ಟರ್ ಬಂದು ಗಂಟಲಿಗೆ ಹಚ್ಚಲು ಔಷಧಿ ಕೊಟ್ಟರು, ಬಾಗಿಲಾಚೆಯೇ ಕೈ ತೊಳೆದುಕೊಂಡು ಹೋದರು. ಜ್ವರದ ಆಸ್ಪತ್ರೆಯಲ್ಲಿ ಜಾಗವಿಲ್ಲ, ಒಂದೊಂದು ಮಂಚದಲ್ಲಿ ಇಬ್ಬಿಬ್ಬರಂತೆ.

ಜ್ವರದ ಮನೆಯವರು ಕೆಲಸಕ್ಕೆ ಬರಕೂಡದೆಂದು ಕಾರ್ಖಾನೆಯಲ್ಲಿ ಹೇಳಿದ್ದಾರೆ. ಅದಕ್ಕೇ ಈನಕ್ ನಿನ್ನೆಯಿಂದ ಕಾಲುವೆಯಾಚೆ ತಮ್ಮನ ಮನೆಯಲ್ಲಿದ್ದಾನೆ.

ಮಿಸ್ಟರ್ ಲೋಮ್ಯಾಕ್ಸ್ ರೋಗ ಕೊಲ್ಲುವ ಕಾರ್ಬಾಲಿಕ್ ನೀರು ಒಂದು ಬಕೆಟ್ ತಂದಿಟ್ಟರು. “ಬಾಗಿಲಿಗೆ ಅಡ್ಡ ಒಂದು ದುಪ್ಪಟಿ ಕಟ್ಟಿ. ಇದರಲ್ಲಿ ಅದ್ದಿ ಕಟ್ಟಿ, ಒಣಗೋಕೆ ಬಿಡಬೇಡಿ. ನಿಮ್ಮ ಮಗುವಿಗಲ್ಲ, ಹೊರಗಿನ ಮಕ್ಕಳಿಗೆ. ಈ ಅಂಗಳದಲ್ಲಿ ಇನ್ನೂ ಹದಿನಾಲ್ಕು ಮಕ್ಕಳಿದಾರೆ.”

“ದುಪ್ಪಟಿ ಇಲ್ಲ ಸರ್. ಎಲ್ಲ ಸುಟ್ಟಿರಿ.”

ಅವರ ಮುಖ ಸಣ್ಣದಾಯಿತು. ಆಫೀಸಿನಲ್ಲಿ ಕೇಳುತ್ತೇನೆ ಎಂದರು. ಸೋಮವಾರದ ಮೇಲೆ ಆಗಬಹುದು.

ನನ್ನ ಒಳಲಂಗ ಬಿಚ್ಚಿ ಹರಡಿ ನೋಡಿದೆ. ಅರ್ಧ ಬಾಗಿಲಿಗೂ ಬರುವುದಿಲ್ಲ. ಅದು ರೂತ್‌ಳ ಮೈಕೆಳಗೆ ಬೇಕು, ಬರೀ ಹಲಗೆಯ ಮೇಲೆ ಮಲಗಿದ್ದಾಳೆ.

ಶನಿವಾರ, ಸಂಜೆ ಐದೂವರೆ

ಈನಕ್ ಕೆಲಸ ಮುಗಿಸಿ ಬಂದು ಕಿಟಕಿಯ ಹೊರಗೆ ನಿಂತ. ಕೈ ನೀಲಿ.

“ಕುಡಿದ್ಲಾ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಮೂರು ಚಮಚ ನೀರು.”

ತಲೆ ತಗ್ಗಿಸಿದ. ಆಮೇಲೆ ಹೇಳಿದ, “ಅವಳ ಮೇಲೆ ಹಚ್ಚಡ ನಾನು ನೋಡಿದ್ದೆ ತಿರ್ಜಾ. ಆ ಬುಧವಾರ ಬೆಳಗ್ಗೆ ಕೆಲಸಕ್ಕೆ ಹೊರಡೋವಾಗ. ತೆಗಿ ಅನ್ನಬೇಕು ಅನ್ನಿಸ್ತು. ಬೆಚ್ಚಗೆ ಮಲಗಿದಾಳಲ್ಲ ಅಂತ ಸುಮ್ನೆ ಹೋದೆ.”

ಅವನು ಹೋಗಲಿಲ್ಲ. ಬೀದಿದೀಪ ಹಚ್ಚುವವನು ಬರುವ ತನಕ ನಿಂತಿದ್ದ.

ಭಾನುವಾರ, 25

ಕುತ್ತಿಗೆಯ ಎರಡೂ ಕಡೆ ಗಂಟು, ಮೊಟ್ಟೆಯಷ್ಟು. ನನ್ನ ಗುರುತು ಸಿಗುತ್ತಿಲ್ಲ. “ನೆಲ್, ಸರಿದು ಮಲಗು” ಎನ್ನುತ್ತಾಳೆ. ಸರಿದೆ.

ಹಿಂಡ್ಲರ ಕೂಸು ಅಂಬೆಗಾಲಿಟ್ಟು ನಮ್ಮ ಹೊಸ್ತಿಲ ತನಕ ಬಂದಿತ್ತು. ಹಿಂಡ್ಲರ ಹೆಂಡತಿ ಓಡಿಬಂದು ಕಾಲು ಹಿಡಿದು ಎಳೆದುಕೊಂಡಳು. ಒಬ್ಬನನ್ನು ಆಗಲೇ ಕಳೆದುಕೊಂಡವಳು. ಬೈಯಲಿಲ್ಲ. ನನ್ನನ್ನು ನೋಡಿದಳು ಅಷ್ಟೇ.

ಬಾಗಿಲು ಮುಚ್ಚಿ ಕುರ್ಚಿ ಅಡ್ಡ ಇಟ್ಟೆ. ಕೆಳಗೆ ಒಂದು ಬೆರಳಿನ ಸಂದಿ ಇದೆ. ಚಿಂದಿ ತುರುಕಿದೆ. ಒಲೆ ಹೊಗೆಯುತ್ತದೆ, ರೂತ್‌ಗೆ ಉಸಿರು ಸಾಲುವುದಿಲ್ಲ. ಮತ್ತೆ ತೆಗೆದೆ. ಮುಚ್ಚಿದರೆ ಇವಳಿಗೆ, ತೆಗೆದರೆ ಅವರಿಗೆ. ದಿನವೆಲ್ಲ ಇದೇ ಆಯಿತು.

ಸೋಮವಾರ, 26. ಮಧ್ಯಾಹ್ನ

ಹನ್ನೊಂದಕ್ಕೆ ಯಾರೋ ಬಾಗಿಲು ತಟ್ಟಿದರು. ಹಚ್ಚಡ ಸುಟ್ಟ ಮೇಲೆ ಅಂಗಳದವರು ತಟ್ಟಿದ್ದು ಮೊದಲ ಸಲ. ಸೂಸನ್ನಾ. ತೋಳಿನ ಮೇಲೆ ಮಡಿಸಿದ ಬಿಳಿ ಬಟ್ಟೆ. ಬೆಟ್ಸಜ್ಜಿ ನಲ್ಲಿಯ ಹತ್ತಿರ ನಿಂತಿದ್ದಳು, ಅವಳ ಹಿಂದೆ ನಾಲ್ಕೈದು ಜನ.

“ಹೊಸ ದುಪ್ಪಟಿ,” ಎಂದಳು ಸೂಸನ್ನಾ. “ಅಂಗಳದೋರೆಲ್ಲ ಸೇರಿ ಬಟ್ಟೆ ತಂದ್ವಿ. ಅಂಚು ನಾನೇ ಹೊಲಿದೆ.”

ಯಾರಿಗೆಂದು ನನಗೆ ತಿಳಿಯಿತು.

“ಅವಳಿನ್ನೂ ಇದಾಳೆ ಸೂಸನ್ನಾ.”

“ಗೊತ್ತು. ಉಸಿರು ಇಲ್ಲಿಗೇ ಕೇಳುತ್ತೆ.” ಕೆಳಗೆ ನೋಡಿದಳು. “ಲೀಯಾ ಕಾಲು ಹೊರಗಿತ್ತು. ಇನ್ಯಾರದ್ದೂ ಹಾಗಾಗಬಾರದು ಅಂತ ಮುಂಚೇನೇ ಮಾಡಿದ್ವಿ. ಬೇಡದೇ ಹೋದ್ರೆ ಪೆಟ್ಟಿಗೇಲಿರ್ಲಿ.”

ಒಳ್ಳೆಯ ಬಟ್ಟೆ. ಸಣ್ಣ ಸಣ್ಣ ಹೊಲಿಗೆ. ಎರಡು ದಿನ ಬಿಡದೆ ಕೂತಿರಬೇಕು. ತಳ್ಳಿಬಿಡಬೇಕೆನಿಸಿತು. ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಕೈ ಅದಾಗಿಯೇ ಚಾಚಿತು.

ಬಕೆಟ್ಟಿಗೆ ಹಾಕಿದೆ. ಎರಡೂ ಕೈಯಿಂದ ಒತ್ತಿ ಮುಳುಗಿಸಿದೆ.

“ಏಯ್,” ಎಂದಳು ಬೆಟ್ಸಜ್ಜಿ ಅಲ್ಲಿಂದಲೇ. “ಅದು ಸತ್ತೋರಿಗೆ ಕಣೇ. ನಿನಗೆ ತಲೆ ಕೆಟ್ಟಿದೆಯಾ?”

“ಬಾಗಿಲಿಗೆ ಬೇಕು ಬೆಟ್ಸಜ್ಜಿ. ಇದು ಕಟ್ಟಿದ್ರೆ ಜ್ವರ ಹೊರಗೆ ಬರಲ್ವಂತೆ. ನಿಮ್ಮ ಮೊಮ್ಮಕ್ಕಳಿದಾರಲ್ಲ ಅಲ್ಲಿ.”

“ಮತ್ತೆ ಅವಳಿಗೆ?”

“ಅವಳಿಗೆ ಬೇಡ.”

ಒದ್ದೆಯಾದ ಮೇಲೆ ಎತ್ತಲಾಗದಷ್ಟು ಭಾರ. ಸೂಸನ್ನಾ ಶಾಲು ತೆಗೆದು ಮೆಟ್ಟಿಲ ಮೇಲೆ ಇಟ್ಟಳು. ಹೊಸ್ತಿಲು ದಾಟಿ ಬಂದು ಇನ್ನೊಂದು ತುದಿ ಹಿಡಿದಳು.

“ನೀನು ಒಳಗೆ ಬರಬೇಡ,” ಎಂದೆ.

“ಹಿಡ್ಕೋ ಸರಿಯಾಗಿ. ಇಲ್ಲಿಂದ ಜ್ವರ ಹೊತ್ಕೊಂಡು ಹೋಗಿ ಕೊಡೋಕೆ ನನ್ನ ಮನೇಲಿ ಯಾರಿದಾರೆ?”

ಇಬ್ಬರೂ ಹಿಂಡಿದೆವು, ಅವಳು ಆ ಕಡೆ ತಿರುಚಿದಳು, ನಾನು ಈ ಕಡೆ. ಕೈ ಉರಿಯಿತು. ಅವಳು ಕುರ್ಚಿ ಹತ್ತಿ ಮೊಳೆ ಹೊಡೆದಳು. ಕೆಳಗಿನ ಅಂಚು ನೆಲಕ್ಕೆ ಸರಿಯಾಗಿ ಮುಟ್ಟಿತು. ಬಾಗಿಲು ತೆರೆದಿಟ್ಟೆ, ದುಪ್ಪಟಿಯ ಈಚೆ ಗಾಳಿ ಬಂತು.

ಸಂಜೆ

ಎರಡು ಗಂಟೆಗೊಮ್ಮೆ ಒಣಗುತ್ತದೆ. ಒಳಗಿಂದ ನಾನು ತೋಯಿಸುತ್ತೇನೆ, ಹೊರಗಿಂದ ಸೂಸನ್ನಾ. ಅವಳ ಕೈಯ ನೆರಳು ದುಪ್ಪಟಿಯಲ್ಲಿ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಬೆಟ್ಸಜ್ಜಿ ಮೆಟ್ಟಿಲ ಮೇಲೆ ಹಾಲಿಟ್ಟು ಹೋಗಿದ್ದಾಳೆ. “ನಾನಿಟ್ಟಿದ್ದು ಅಂತ ಹೇಳ್ಬೇಡ ಅವಳಿಗೆ” ಎಂದು ಸೂಸನ್ನಾಗೆ ಹೇಳಿದ್ದು ಇಡೀ ಅಂಗಳಕ್ಕೆ ಕೇಳಿಸಿತು.

ಮಂಗಳವಾರ, 27. ಬೆಳಗ್ಗೆ ಏಳು

ಕೆಂಪು ಹಾಗೇ ಇದೆ. ಗಂಟು ಹಾಗೇ. ಉಸಿರಿಗೊಮ್ಮೆ ಗಂಟಲಲ್ಲಿ ಗರಗರ. ನಿನ್ನೆ ಮಧ್ಯಾಹ್ನದಿಂದ ಏನೂ ಒಳಗೆ ಹೋಗಿಲ್ಲ, ಹಾಕಿದ್ದೆಲ್ಲ ಮೂಗಿನಿಂದ ಬರುತ್ತದೆ. ಇವತ್ತು ಗಂಟಲಲ್ಲಿ ಏನೂ ಇಳಿಯದಿದ್ದರೆ ಮಾಡುವುದೇನೂ ಇಲ್ಲವೆಂದು ಡಾಕ್ಟರ್ ದುಪ್ಪಟಿಯ ಆಚೆ ನಿಂತೇ ಹೇಳಿಹೋದರು.

ಎಂಟೂವರೆ

ಹಾಲು ಬಿಸಿ ಮಾಡಿ ನೀರು ಬೆರೆಸಿದೆ. ಒಂದು ಚಮಚ, ಹೊರಗೆ ಬಂತು. ಒಂದು ಚಮಚ, ಅರ್ಧ ಬಂತು. ಅರ್ಧ ಎಲ್ಲಿ ಹೋಯಿತು?

“ಒಳಗೆ ಹೋಯ್ತಾ?” ಹೊರಗಿಂದ ಸೂಸನ್ನಾ ಕೇಳಿದಳು.

“ಅರ್ಧ. ಗೊತ್ತಿಲ್ಲ.”

“ತಲೆ ಎತ್ತಿ ಹಿಡ್ಕೋ. ಲೀಯಾಗೆ ನಾನು ಎತ್ತಿರ್ಲಿಲ್ಲ. ನಿನ್ನ ಎದೆಗೆ ಒರಗಿಸ್ಕೋ, ಆಮೇಲೆ ಹಾಕು.”

ಒರಗಿಸಿಕೊಂಡಿದ್ದೇನೆ. ಪುಸ್ತಕ ಮೊಣಕಾಲ ಮೇಲಿದೆ, ಈ ಕೈ ಖಾಲಿ, ಸುಮ್ಮನಿರಲಾರದೆ ಬರೆಯುತ್ತಿದೆ. ಮೂರನೆಯದು ಹಾಕಿದೆ. ಹೊರಗೆ ಬಂದಿಲ್ಲ. ಬಾಯಲ್ಲೇ ಇದೆ. ತುಟಿ ಮುಚ್ಚಿದ್ದಾಳೆ. ಸೂಸನ್ನಾ ತೋಯಿಸುವುದನ್ನು ನಿಲ್ಲಿಸಿದ್ದಾಳೆ, ದುಪ್ಪಟಿಯ ಮೇಲೆ ಅವಳ ಕೈ ಹಾಗೇ ನಿಂತಿದೆ. ಗಂಟಲು ಸ್ವಲ್ಪ ಅಲುಗಿತು.